ಸಹಿ ಅಗತ್ಯವಿಲ್ಲ ಎಂದ ಕಾಗದ

ಮೂರು ತಿಂಗಳ ಹಿಂದೆ ನಾನೊಂದು ಕರಾರಿಗೆ ಒಪ್ಪಿಕೊಂಡೆ. ಯಾರ ಜೊತೆ? ಗೊತ್ತಿಲ್ಲ. ಎಷ್ಟು ಪುಟದ ಕರಾರು? ಗೊತ್ತಿಲ್ಲ. ಅದರಲ್ಲಿ ಏನೇನು ಬರೆದಿತ್ತು? ಅದಂತೂ ದೇವರಾಣೆ ಗೊತ್ತಿಲ್ಲ.

ನಗಬೇಡಿ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ನೀವೂ ಒಪ್ಪಿಕೊಂಡಿದ್ದೀರಿ.

ಶಿವಮೊಗ್ಗೆಯ ವಿನೋಬನಗರದ ನಮ್ಮ ಮನೆಗೂ ಕಂಪ್ಯೂಟರ್ ಬಂತು. (ಇನ್ನು ಈಯಮ್ಮನ ಅಕ್ಷರದ ಕಾಟ ತಪ್ಪಿತು ಎಂದು ಈ ಅಂಕಣ ಅಚ್ಚುಹಾಕುವ ಪತ್ರಿಕೆಯವರು ಪಾಯಸ ಮಾಡಿಸಿರಬೇಕು.) ಬಂದ ದಿನವೇ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ ಹಾಕಲು ಕೂತೆ. ಸಿ.ಡಿ. ಒಳಗೆ ತಳ್ಳಿದೆ. ‘ನೆಕ್ಸ್ಟ್’ ಎಂದಿತು, ಒತ್ತಿದೆ. ಮತ್ತೆ ‘ನೆಕ್ಸ್ಟ್’ ಎಂದಿತು, ಒತ್ತಿದೆ. ಪರದೆಯ ತುಂಬ ಸಾಸಿವೆಕಾಳಿನಷ್ಟು ಸಣ್ಣ ಅಕ್ಷರದ ಇಂಗ್ಲಿಷ್ ಬಂತು. ಕೆಳಗೆ ‘ಐ ಅಗ್ರೀ’ ಎಂಬ ಗುಂಡಿ. ಅದನ್ನೂ ಒತ್ತಿದೆ.

ಬೆನ್ನ ಹಿಂದಿನಿಂದ ಒಂದು ಪ್ರಶ್ನೆ ಬಂತು. “ಏನಂತ ಒಪ್ಕೊಂಡೆ ಮಾರಾಯ್ತಿ?”

ಕೇಳಿದವರು ಅವತ್ತು ಮನೆಗೆ ಬಂದಿದ್ದ ನನ್ನ ಚಿಕ್ಕಪ್ಪ. ಅಂದರೆ ಅಮ್ಮನ ತಂಗಿಯ ಯಜಮಾನರು, ಪರಮೇಶಪ್ಪ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿ ಫೋರ್‌ಮನ್ ಆಗಿ ರಿಟೈರ್ ಆದವರು. ಓದದೆ ಯಾವುದಕ್ಕೂ ಸಹಿ ಹಾಕುವವರಲ್ಲ. ಓದುವುದಾದರೂ ಎಂಥದ್ದು? ಬಸ್ ಟಿಕೆಟ್ಟಿನ ಹಿಂಭಾಗ, ಔಷಧಿ ಡಬ್ಬಿಯೊಳಗಿನ ಮಡಿಸಿದ ಚೀಟಿ, ಮಿಕ್ಸಿಯ ಗ್ಯಾರಂಟಿ ಕಾರ್ಡು, ಎಲ್ಲವನ್ನೂ ಓದುತ್ತಾರೆ. ನಮ್ಮ ಚಿಕ್ಕಮ್ಮ ಹೇಳುವ ಪ್ರಕಾರ ಲಗ್ನಪತ್ರಿಕೆಯನ್ನೂ ಪೆನ್ಸಿಲ್ ಹಿಡಿದು ಓದಿ, ಮುಹೂರ್ತದ ಗಂಟೆಯಲ್ಲಿ ಇದ್ದ ತಪ್ಪು ಹಿಡಿದಿದ್ದರಂತೆ.

ಅದೆಲ್ಲ ಸುಮ್ಮನೆ ಚಿಕ್ಕಪ್ಪ, ಎಲ್ಲರೂ ಒತ್ತುತ್ತಾರೆ, ನಾನೂ ಒತ್ತಿದೆ ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟು, ವಾಪಸ್ ಹೋಗು, ಓದಿ ಹೇಳು ಎಂದರು. ಹಿರಿಯರ ಮಾತು. ಓದಿದೆ, ಅರ್ಥ ಆದಷ್ಟನ್ನು ಕನ್ನಡದಲ್ಲಿ ಹೇಳಿದೆ. ಒಂದೂವರೆ ಗಂಟೆ ಹಿಡಿಯಿತು. ನಡುವೆ ಒಂದು ಇಡೀ ಪ್ಯಾರಾ ದಪ್ಪಕ್ಷರದಲ್ಲಿತ್ತು. ಅದರ ಸಾರಾಂಶ ಇಷ್ಟು: ಈ ಸಾಫ್ಟ್‌ವೇರ್ ಇದ್ದ ಹಾಗೇ ಇದೆ, ಇದರಿಂದ ನಿಮಗೆ ಏನಾದರೂ ಆದರೆ ನಾವು ಹೊಣೆಯಲ್ಲ, ಹೀಗಾಗಬಹುದು ಎಂದು ನಮಗೆ ಮೊದಲೇ ಗೊತ್ತಿದ್ದರೂ ಹೊಣೆಯಲ್ಲ.

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಗ್ಗಿದರು. ಆಮೇಲೆ, ಇದನ್ನು ಬರೆದವನ ಹೆಸರು ಎಲ್ಲಿದೆ ಎಂದು ಕೇಳಿದರು. ಹುಡುಕಿದೆ. ಇರಲಿಲ್ಲ.

ಆಗ ಅವರು ಕಾರ್ಖಾನೆಯ ತಗಡಿನ ಕಥೆ ಹೇಳಿದರು. ಅಲ್ಲಿ ಯಾವುದೇ ಮೋಟಾರ್ ರಿಪೇರಿಗೆ ಇಳಿಯುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಸ್ವಿಚ್ಚಿಗೆ ಒಂದು ಕೆಂಪು ತಗಡು ನೇತುಹಾಕಬೇಕು. ತಗಡಿನ ಮೇಲೆ ರಿಪೇರಿಗೆ ಇಳಿದವನ ಹೆಸರು ಇರುತ್ತದೆ. ಯಾರು ನೇತುಹಾಕಿದರೋ ಅವರೇ ತೆಗೆಯಬೇಕು. ಮ್ಯಾನೇಜರ್ ಬಂದರೂ ಮುಟ್ಟುವ ಹಾಗಿಲ್ಲ. ಯಾಕೆಂದರೆ ತಗಡು ತೆಗೆದು ಸ್ವಿಚ್ ಹಾಕಿದಾಗ ಒಳಗೆ ಒಬ್ಬನ ಕೈ ಇದ್ದರೆ?

ಒಮ್ಮೆ ಇವರು ಕೆಲಸ ಮುಗಿಸಿ, ತಗಡು ತೆಗೆಯಲು ಮರೆತು ಕ್ವಾರ್ಟರ್ಸಿಗೆ ಹೋಗಿಬಿಟ್ಟರಂತೆ. ಇಡೀ ಸೆಕ್ಷನ್ ಕೈಕಟ್ಟಿ ನಿಂತಿತು. ರಿಪೇರಿ ಆಗಿದೆ ಎಂದು ಎಲ್ಲರಿಗೂ ಗೊತ್ತು. ಆದರೂ ಒಬ್ಬರೂ ಮುಟ್ಟಲಿಲ್ಲ. ಕಾರ್ಖಾನೆಯ ಜೀಪು ಇವರನ್ನು ಹುಡುಕಿಕೊಂಡು ಹೋದಾಗ ಇವರು ಕಟಿಂಗ್ ಶಾಪಿನಲ್ಲಿ ಕೂತಿದ್ದರು. ಒಂದು ಕೆನ್ನೆಯ ಶೇವಿಂಗ್ ಆಗಿತ್ತು, ಇನ್ನೊಂದರ ಮೇಲೆ ನೊರೆ ಇತ್ತು. ಹಾಗೇ ಜೀಪು ಹತ್ತಿ ಬಂದು, ಎಲ್ಲರ ಎದುರಿಗೆ ತಮ್ಮ ಹೆಸರನ್ನು ತಾವೇ ಕೆಳಗಿಳಿಸಿದರು. ಅದಾದ ಮೇಲೆ ವರ್ಷಗಟ್ಟಲೆ ಅವರಿಗೆ ಅರ್ಧ ಗಡ್ಡದ ಪರಮೇಶಪ್ಪ ಎಂದೇ ಹೆಸರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಾಲ ಬದಲಾಗಿದೆ ಚಿಕ್ಕಪ್ಪ, ಈಗ ತಗಡು ಗಿಗಡು ಏನೂ ಬೇಡ, ಎಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತೆ ಎಂದೆ. ಮತ್ತೆ ‘ಐ ಅಗ್ರೀ’ ಒತ್ತಿದೆ.

ಆ ನಗು ಹದಿನೈದು ದಿನ ಕೂಡ ಬಾಳಲಿಲ್ಲ.

ಚಿಕ್ಕಪ್ಪನಿಗೆ ಒಬ್ಬಳೇ ಮಗಳು, ಸುಧಾ. ಚೊಚ್ಚಲ ಬಸುರಿ. ಏಳನೇ ತಿಂಗಳಿಗೆ ಭದ್ರಾವತಿಯ ತವರಿಗೆ ಬಂದಿದ್ದಳು. ಗಂಡನ ಊರಿನಲ್ಲಿ ಮಾಡಿಸಿದ್ದ ಪರೀಕ್ಷೆಗಳು ಸಾಲದು ಎಂದು ಭದ್ರಾವತಿಯ ಡಾಕ್ಟರು ಒಂದು ಉದ್ದ ಪಟ್ಟಿ ಬರೆದುಕೊಟ್ಟರು. ಅದರಲ್ಲಿ ರಕ್ತದ ಗುಂಪೂ ಇತ್ತು. ಅಕ್ಕ, ಎಲ್ಲಿ ಮಾಡಿಸಲಿ ಎಂದು ಸುಧಾ ನನ್ನನ್ನು ಕೇಳಿದಳು. ನಮ್ಮ ಮನೆಯ ಹತ್ತಿರ ಒಂದು ಲ್ಯಾಬ್ ಇದೆ. (ಹೆಸರು ಬೇಡ. ಯಾಕೆ ಬೇಡ ಎನ್ನುವುದು ಮುಂದೆ ಗೊತ್ತಾಗುತ್ತದೆ.) ಅವರು ಆಗಷ್ಟೇ ‘ಸಂಪೂರ್ಣ ಗಣಕೀಕೃತ’ ಎಂಬ ಹೊಸ ಬೋರ್ಡ್ ಹಾಕಿದ್ದರು. ಇಲ್ಲೇ ಬಾ, ಇಲ್ಲಿ ಎಲ್ಲ ಕಂಪ್ಯೂಟರು ಎಂದು ನಾನೇ ಕರೆದುಕೊಂಡು ಹೋದೆ. ಮಾರನೇ ದಿನ ರಿಪೋರ್ಟ್ ಬಂತು. ಮಿರಿಮಿರಿ ಕಾಗದ, ಮೇಲೆ ಬಣ್ಣದ ಲಾಂಛನ. ಲಗ್ನಪತ್ರಿಕೆ ಹೀಗಿರಬೇಕು ಅನ್ನಿಸುವಂತಿತ್ತು.

ಎರಡು ದಿನ ಕಳೆದು ಸಂಜೆ ಚಿಕ್ಕಪ್ಪನ ಫೋನ್. ರಿಪೋರ್ಟಿನಲ್ಲಿ ಸುಧಾಳ ರಕ್ತ ಓ ಪಾಸಿಟಿವ್ ಎಂದಿದೆ, ಡಾಕ್ಟರು ಅದನ್ನೇ ಫೈಲಿಗೆ ಬರೆದುಕೊಂಡಿದ್ದಾರೆ. ಆದರೆ ಅವಳು ಕಾಲೇಜಿನಲ್ಲಿದ್ದಾಗ ರಕ್ತದಾನ ಮಾಡಿದ್ದ ಹಳೆಯ ಕಾರ್ಡು ಇವರ ಹತ್ತಿರ ಇದೆ. ಅದರಲ್ಲಿ ಓ ನೆಗೆಟಿವ್ ಎಂದು ಬರೆದಿದೆ. ಏನು ಮಾಡುವುದು?

ನಾನು ಅಂದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. ಬರೆಯದಿದ್ದರೆ ಈ ಅಂಕಣಕ್ಕೆ ಅರ್ಥವಿಲ್ಲ.

“ಅದು ಕೈಬರಹದ ಕಾರ್ಡು ಚಿಕ್ಕಪ್ಪ, ಇದು ಕಂಪ್ಯೂಟರ್ ರಿಪೋರ್ಟು. ಹಳೇದನ್ನ ಹರಿದು ಬಿಸಾಕಿ.”

ಫೋನಿನ ಆ ಕಡೆ ಕಾಗದ ಮಗುಚುವ ಸದ್ದು ಕೇಳಿತು. ಆಮೇಲೆ ಅವರು ನಿಧಾನವಾಗಿ ಹೇಳಿದರು. “ಹರಿಯಲ್ಲ. ಈ ಕಾರ್ಡಲ್ಲಿ ಒಬ್ರ ಸಹಿ ಇದೆ. ನಿನ್ನ ರಿಪೋರ್ಟಲ್ಲಿ ಏನಂತ ಬರ್ದಿದಾರೆ ಗೊತ್ತಾ? ಇದು ಕಂಪ್ಯೂಟರಿನಿಂದ ತಯಾರಾದ ವರದಿ, ಸಹಿ ಅಗತ್ಯವಿಲ್ಲ ಅಂತ.”

ಇದರಲ್ಲಿ ಅಷ್ಟು ತಲೆಕೆಡಿಸಿಕೊಳ್ಳುವಂಥದ್ದು ಏನಿದೆ ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಸಂಶಯಕ್ಕೆ ಪರಿಚಯದ ಡಾಕ್ಟರೊಬ್ಬರಿಗೆ ಫೋನ್ ಮಾಡಿ ಕೇಳಿದೆ. ತಾಯಿಯ ರಕ್ತ ನೆಗೆಟಿವ್ ಇದ್ದು ಮಗುವಿನದು ಪಾಸಿಟಿವ್ ಆದರೆ ಹೆರಿಗೆಯಾದ ಮೂರು ದಿನದೊಳಗೆ ತಾಯಿಗೆ ಒಂದು ಇಂಜೆಕ್ಷನ್ ಕೊಡಬೇಕಂತೆ. ಕೊಡದಿದ್ದರೆ ಈ ಮಗುವಿಗೆ ಏನೂ ಆಗದಿರಬಹುದು, ಮುಂದಿನ ಬಸಿರಿನಲ್ಲಿ ಮಗುವಿನ ಜೀವಕ್ಕೇ ಅಪಾಯ. ಫೈಲಿನಲ್ಲಿ ಪಾಸಿಟಿವ್ ಎಂದಿದ್ದರೆ ಆ ಇಂಜೆಕ್ಷನ್ ಯಾರೂ ಕೊಡುವುದಿಲ್ಲ. ಸುಧಾಳನ್ನು ಆ ಲ್ಯಾಬಿಗೆ ಕರೆದುಕೊಂಡು ಹೋದವಳು ನಾನು. ಕಾರ್ಡು ಹರಿಯಿರಿ ಎಂದವಳೂ ನಾನೇ.

ಮರುದಿನ ಬೆಳಿಗ್ಗೆ ಎಂಟಕ್ಕೆ ಚಿಕ್ಕಪ್ಪ ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ದಾರ ಕಟ್ಟಿದ ಫೈಲು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಲ್ಯಾಬಿನ ಕೌಂಟರಿನಲ್ಲಿದ್ದ ಹುಡುಗಿ ಕಾರ್ಡನ್ನೂ ರಿಪೋರ್ಟನ್ನೂ ನೋಡಿ, ಕಂಪ್ಯೂಟರ್ ತಪ್ಪು ಮಾಡಲ್ಲ ಅಂಕಲ್ ಎಂದಳು. ಹಾಗಾದರೆ ಈ ಪರೀಕ್ಷೆ ಮಾಡಿದವರ ಹೆಸರು ಹೇಳಮ್ಮ ಎಂದು ಚಿಕ್ಕಪ್ಪ ಕೇಳಿದರು. ಸಿಸ್ಟಮ್ಮಿನಲ್ಲಿ ಹೆಸರು ಬರುವುದಿಲ್ಲ ಎಂದಳು. ಅಷ್ಟರಲ್ಲಿ ಮಾಲೀಕರು ಬಂದರು. ರಿಪೋರ್ಟ್ ನೋಡಿದರು, ಕಾರ್ಡು ನೋಡಿದರು, ನಮ್ಮ ಮುಖ ನೋಡಿದರು. ಎಲ್ಲೋ ಕಂಪ್ಯೂಟರ್ ಮಿಸ್ಟೇಕ್ ಆಗಿರಬೇಕು ಸರ್, ಇನ್ನೊಂದು ಸಲ ಫ್ರೀಯಾಗಿ ಟೆಸ್ಟ್ ಮಾಡಿಕೊಡುತ್ತೇವೆ ಎಂದರು.

ಗಮನಿಸಿದಿರಾ? ಐದು ನಿಮಿಷದ ಹಿಂದೆ ತಪ್ಪೇ ಮಾಡದಿದ್ದ ಕಂಪ್ಯೂಟರ್, ಈಗ ತಪ್ಪೆಲ್ಲ ತನ್ನದೇ ಎಂದು ಹೊತ್ತುಕೊಂಡು ನಿಂತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ನೆಲಕ್ಕೆ ಬಾಯಿಲ್ಲ.

ಚಿಕ್ಕಪ್ಪ ದನಿ ಏರಿಸಲಿಲ್ಲ. ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೌಂಟರಿನ ಎದುರಿಗೇ ಕೂತರು. “ನಾನು ಜಗಳಕ್ಕೆ ಬಂದಿಲ್ಲ ಸ್ವಾಮಿ. ಕಂಪ್ಯೂಟರ್ ಸೂಜಿ ಚುಚ್ಚಲ್ಲ. ನನ್ನ ಮಗಳ ರಕ್ತ ಯಾರೋ ಒಬ್ರು ನೋಡಿದಾರೆ. ಅವ್ರ ಹೆಸರು ಸಿಗೋವರೆಗೂ ನಾನು ಇಲ್ಲೇ ಕೂತಿರ್ತೀನಿ.”

ನಾನೂ ಪಕ್ಕದಲ್ಲಿ ಕೂತೆ. ಪರೀಕ್ಷೆಗೆ ರಕ್ತ ಕೊಡಲು ಬಂದಿದ್ದವರು ಒಬ್ಬೊಬ್ಬರಾಗಿ ತಮ್ಮ ಹಳೆಯ ರಿಪೋರ್ಟುಗಳನ್ನು ಚೀಲದಿಂದ ತೆಗೆದು ಕೆಳಗಿನ ಸಾಲು ಓದತೊಡಗಿದರು. ಮಾಲೀಕರಿಗೆ ಬೆವರು ಶುರುವಾಯಿತು.

ಅರ್ಧ ಗಂಟೆಯಾದ ಮೇಲೆ ಒಳಗಿನ ಕೋಣೆಯಿಂದ ಬಿಳಿ ಕೋಟಿನ ಹೆಂಗಸೊಬ್ಬರು ಬಂದರು. ಸೆಲ್ವಿ ಅಂತ, ಲ್ಯಾಬಿನ ಟೆಕ್ನೀಷಿಯನ್. ನಲವತ್ತರ ಆಸುಪಾಸು. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಓಡಾಡುವವರು. ಅವರ ಕಂಕುಳಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಪರೀಕ್ಷೆ ಮಾಡಿದ ಕೂಡಲೇ ಫಲಿತಾಂಶವನ್ನು ಪೆನ್ನಿನಲ್ಲಿ ಬರೆದಿಡುವ ಅವರ ಹಳೆಯ ರೂಢಿ ಕಂಪ್ಯೂಟರ್ ಬಂದ ಮೇಲೂ ನಿಂತಿರಲಿಲ್ಲ. ಪುಟ ತೆರೆದು ಸುಧಾಳ ಹೆಸರಿನ ಮೇಲೆ ಬೆರಳಿಟ್ಟರು. ಓ ನೆಗೆಟಿವ್.

ಹಾಗಾದರೆ ಪಾಸಿಟಿವ್ ಎಲ್ಲಿಂದ ಬಂತು? ಆ ಸಾಫ್ಟ್‌ವೇರ್‌ನಲ್ಲಿ ರಕ್ತದ ಗುಂಪಿನ ಜಾಗದಲ್ಲಿ ‘ಪಾಸಿಟಿವ್’ ಎಂದು ಮೊದಲೇ ತುಂಬಿಟ್ಟಿರುತ್ತಾರಂತೆ. ಹೆಚ್ಚಿನವರದು ಅದೇ ತಾನೇ, ಪ್ರತಿ ಸಲ ಟೈಪ್ ಮಾಡುವ ಶ್ರಮ ಉಳಿಯಲಿ ಎಂದು. ನೆಗೆಟಿವ್ ಬಂದಾಗ ಮಾತ್ರ ಬದಲಾಯಿಸಬೇಕು. ಕೌಂಟರಿನ ಹುಡುಗಿ ಎಂಟರ್, ಎಂಟರ್, ಎಂಟರ್ ಎಂದು ಒತ್ತಿಕೊಂಡು ಹೋಗಿದ್ದಳು. ಅವಳನ್ನು ಬೈಯಲು ಬಾಯಿ ತೆರೆದೆ. ನನ್ನ ‘ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ’ ನೆನಪಾಗಿ ಮುಚ್ಚಿದೆ.

ಮಾಲೀಕರು ಅಲ್ಲೇ ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಹಚ್ಚಿದರು. ಅವರ ಉತ್ತರ ಸಿದ್ಧವಾಗಿತ್ತು. ಪ್ರಿಂಟ್ ಆದದ್ದನ್ನು ಪರಿಶೀಲಿಸುವ ಜವಾಬ್ದಾರಿ ನಿಮ್ಮದೇ, ಕರಾರಿನಲ್ಲಿ ಇದೆ, ನೀವು ಒಪ್ಪಿಕೊಂಡಿದ್ದೀರಿ. ಮಾಲೀಕರು ಫೋನ್ ಇಟ್ಟು ನಮ್ಮ ಕಡೆ ನೋಡಿದ ನೋಟ ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವರಿಗೂ ಗೊತ್ತಿರಲಿಲ್ಲ, ಏನಂತ ಒಪ್ಪಿಕೊಂಡೆ ಎಂದು.

ಲೆಕ್ಕ ಹಾಕಿ. ಸಾಫ್ಟ್‌ವೇರಿನವರು ಮಾಲೀಕರ ಕಡೆ ತೋರಿಸಿದರು. ಮಾಲೀಕರು ಕಂಪ್ಯೂಟರಿನ ಕಡೆ. ಹುಡುಗಿಯೂ ಅದರ ಕಡೆ. ನಾನು? ಮೊದಲ ದಿನದಿಂದಲೂ ಕಂಪ್ಯೂಟರಿನ ಕಡೆಯೇ. ಇಷ್ಟು ಜನರ ನಡುವೆ ಸೆಲ್ವಿ ಒಬ್ಬರೇ ಹೇಳಿದ್ದು: “ನಾನು ಸರಿಯಾಗೇ ಬರ್ದಿದ್ದೆ ಸರ್. ಆದ್ರೆ ಪ್ರಿಂಟ್ ಆಗಿದ್ದನ್ನ ನನಗೆ ಯಾರೂ ತೋರಿಸ್ಲಿಲ್ಲ. ತೋರಿಸಿ ಅಂತ ನಾನೂ ಕೇಳ್ಲಿಲ್ಲ. ಅದು ನನ್ನ ತಪ್ಪು.”

ಚಿಕ್ಕಪ್ಪ ಕುರ್ಚಿಯಿಂದ ಎದ್ದರು. ಕೆಲಸ ಮುಗಿಯಿತು ಎಂದುಕೊಂಡು ನಾನೂ ಎದ್ದೆ. ಮಾಲೀಕರು ಹೊಸ ರಿಪೋರ್ಟ್ ಪ್ರಿಂಟ್ ಮಾಡಿಸಲು ತಿರುಗಿದರು. ಆಗ ಚಿಕ್ಕಪ್ಪ ಕೇಳಿದ ಮಾತಿಗೆ ಎಲ್ಲರೂ ನಿಂತಲ್ಲೇ ನಿಂತೆವು.

“ನನ್ನ ಮಗಳದ್ದು ಸಿಕ್ತು. ಬೇರೆಯವ್ರ ಮಕ್ಕಳದ್ದು?”

ಅವರ್ಯಾರೂ ಕಂಪ್ಲೇಂಟ್ ಕೊಟ್ಟಿಲ್ಲವಲ್ಲ ಸರ್ ಎಂದರು ಮಾಲೀಕರು. ನನಗೆ ಉರಿದುಹೋಯಿತು. ಕಂಪ್ಲೇಂಟ್ ಕೊಡಲು ತಪ್ಪಾಗಿದೆ ಎಂದು ಅವರಿಗೆ ಗೊತ್ತಾಗಬೇಕಲ್ಲ? ಹಳೆಯ ಕಾರ್ಡನ್ನು ದಾರ ಕಟ್ಟಿ ಕಾಪಾಡುವ ಅಪ್ಪ ಎಲ್ಲರಿಗೂ ಇರುತ್ತಾನೆಯೇ? ಇದ್ದರೂ, ಹರಿದು ಬಿಸಾಕಿ ಎನ್ನುವ ನನ್ನಂಥ ಜಾಣೆ ಒಬ್ಬಳು ಪಕ್ಕದಲ್ಲಿದ್ದರೆ? ಇಷ್ಟನ್ನೂ ಜೋರಾಗಿಯೇ ಹೇಳಿದೆ. ಈ ರಿಜಿಸ್ಟರನ್ನೂ ನಿಮ್ಮ ಕಂಪ್ಯೂಟರನ್ನೂ ಇವತ್ತೇ ತಾಳೆ ನೋಡಬೇಕು, ಇಲ್ಲದಿದ್ದರೆ ಬರುವ ವಾರ ನಿಮ್ಮ ಬೋರ್ಡಿನ ಹೆಸರು ಶಿವಮೊಗ್ಗೆಯೆಲ್ಲ ಓದುತ್ತದೆ ಎಂದೆ. (ಬೆದರಿಕೆ ಹೌದು. ಆ ಕ್ಷಣಕ್ಕೆ ಬೇರೆ ದಾರಿ ತೋಚಲಿಲ್ಲ. ತಾಳೆ ನೋಡಿದರು, ಅದಕ್ಕೇ ಹೆಸರು ಬರೆದಿಲ್ಲ.)

ನಾನು ಕಿರುಚಾಡುವಷ್ಟರಲ್ಲಿ ಸೆಲ್ವಿ ರಿಜಿಸ್ಟರಿನಲ್ಲಿ ಕಂಪ್ಯೂಟರ್ ಬಂದ ದಿನದ ಪುಟ ತೆರೆದು ಕೂತಾಗಿತ್ತು.

ಅವರು ರಿಜಿಸ್ಟರಿನಿಂದ ಹೆಸರು ಓದಿದರು. ಹುಡುಗಿ ಪರದೆಯ ಮೇಲೆ ಹುಡುಕಿದಳು. ನಾನು ಎರಡೂ ಒಂದೇ ಇದೆಯೇ ಎಂದು ನೋಡಿದೆ. ಚಿಕ್ಕಪ್ಪ ನೋಡಿ ಮುಗಿದ ಹೆಸರುಗಳ ಎದುರು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಮಾಲೀಕರು ಮೊದಲು ಮುಖ ಗಂಟುಹಾಕಿಕೊಂಡಿದ್ದವರು ಆಮೇಲೆ ತಾವೇ ಚಹಾ ತರಿಸಿದರು. ಇನ್ನೂ ಎರಡು ತಪ್ಪು ಸಿಕ್ಕಿದವು. ಒಂದು, ಹೊಸಮನೆ ಬಡಾವಣೆಯ ಕಾಲೇಜು ವಿದ್ಯಾರ್ಥಿಯದು. ಅವನಿಗೆ ಫೋನ್ ಮಾಡಿ ತಿಳಿಸಿದ್ದಾಯಿತು. ಇನ್ನೊಂದು, ಸೋಗಾನೆ ಹಳ್ಳಿಯ ಹೆಂಗಸಿನದು. ಐದು ತಿಂಗಳ ಬಸುರಿ. ಮೊದಲನೇ ಮಗು ಹೊಟ್ಟೆಯಲ್ಲೇ ಹೋಗಿತ್ತು ಎಂದು ಪರೀಕ್ಷೆಗೆ ಕಳಿಸಿದ ಚೀಟಿಯಲ್ಲಿ ಡಾಕ್ಟರು ಬರೆದಿದ್ದರು. ಫೋನ್ ನಂಬರ್ ಇರಲಿಲ್ಲ.

ಅಂಚೆಯಲ್ಲಿ ಕಳಿಸೋಣ ಎಂದರು ಮಾಲೀಕರು. ಬೇಡ ಸರ್, ನಾನೇ ಹೋಗಿ ಕೊಡ್ತೀನಿ ಎಂದರು ಸೆಲ್ವಿ. ಮರುದಿನ ಭಾನುವಾರ. ನಾನೂ ಅವರ ಜೊತೆ ಬಸ್ ಹತ್ತಿದೆ. ಸೋಗಾನೆಯಲ್ಲಿ ಮನೆ ಹುಡುಕುವುದೇನೂ ಕಷ್ಟವಾಗಲಿಲ್ಲ. ಆ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು. ಹಳೆಯ ರಿಪೋರ್ಟನ್ನು ದೇವರ ಗೂಡಿನಲ್ಲಿ ಇಟ್ಟಿದ್ದಳು. ಸೆಲ್ವಿ ಹೊಸ ರಿಪೋರ್ಟ್ ಕೈಗಿಟ್ಟು, ತಪ್ಪಾದದ್ದನ್ನು ಬಿಡಿಸಿ ಹೇಳಿದರು. ಡಾಕ್ಟರ ಹತ್ತಿರ ನಾಳೆಯೇ ಹೋಗಬೇಕು, ಮರೆಯದೆ ಇದನ್ನೇ ತೋರಿಸಬೇಕು ಎಂದರು. ಅವಳು ಎರಡು ಕಾಗದಗಳನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದಳು. ಓದಲು ಬರುವುದಿಲ್ಲ ಎನ್ನುವುದು ಗೊತ್ತಾಗುತ್ತಿತ್ತು.

“ಇದಾದ್ರೂ ಸರಿ ಐತಾ ಅಮ್ಮ?” ಎಂದಳು.

ಸೆಲ್ವಿ ಅವಳ ಬೆರಳು ಹಿಡಿದು ಕಾಗದದ ಕೆಳಗೆ ಇಟ್ಟರು. ಅಲ್ಲಿ ಅಚ್ಚಾದ ಸಾಲನ್ನು ಗೀಟು ಹಾಕಿ ಹೊಡೆದು, ಅದರ ಪಕ್ಕ ನೀಲಿ ಶಾಯಿಯಲ್ಲಿ ಸಹಿ ಹಾಕಿದ್ದರು.

“ಇಲ್ಲಿ ನನ್ನ ಹೆಸರಿದೆ ಕಣಮ್ಮ. ಸೆಲ್ವಿ ಅಂತ. ಏನಾದ್ರೂ ತಪ್ಪಾದ್ರೆ ಸೀದಾ ಬಂದು ನನ್ನನ್ನ ಕೇಳು.”

ಈಗ ಆ ಲ್ಯಾಬಿನ ಪ್ರತಿ ರಿಪೋರ್ಟಿನ ಕೆಳಗೂ ಸಹಿ ಇರುತ್ತದೆ. ರಕ್ತದ ಗುಂಪಿನ ಜಾಗ ಖಾಲಿ ಇರುತ್ತದೆ. ಹುಡುಗಿ ಪ್ರತಿ ಸಲವೂ ಟೈಪ್ ಮಾಡುತ್ತಾಳೆ, ಸೆಲ್ವಿ ರಿಜಿಸ್ಟರಿನ ಜೊತೆ ತಾಳೆ ನೋಡುತ್ತಾರೆ. ಒಂದು ರಿಪೋರ್ಟಿಗೆ ಎರಡು ನಿಮಿಷ ಹೆಚ್ಚು ಹಿಡಿಯುತ್ತದೆಯಂತೆ. ಹಿಡಿಯಲಿ ಬಿಡಿ, ಗಂಟೇನು ಹೋಗುತ್ತೆ? ಮಿಕ್ಕ ಕಡೆಯ ಪಾಡು ನನಗೆ ಗೊತ್ತಿಲ್ಲ. ನಿಮ್ಮ ಮನೆಯಲ್ಲಿರುವ ಕಾಗದಗಳ ಕೆಳಗಿನ ಸಾಲನ್ನು ಇವತ್ತೇ ಒಮ್ಮೆ ಓದಿ. ಸಹಿ ಇಲ್ಲದಿದ್ದರೆ ಹೋಗಿ ಕೇಳಿ. ಕೊಡದಿದ್ದರೆ ಕುರ್ಚಿ ಎಳೆದುಕೊಂಡು ಕೂರಿ. ನಮ್ಮ ಚಿಕ್ಕಪ್ಪನಿಗೆ ಅರವತ್ತೆರಡು ವರ್ಷ, ಮಂಡಿನೋವು ಬೇರೆ. ಅವರು ಕೂತರು ಎಂದರೆ ನಿಮಗೇನು ಧಾಡಿ?

ಹೋದ ವಾರ ಸುಧಾಳಿಗೆ ಹೆಣ್ಣು ಮಗು ಆಯಿತು. ಮಗುವಿನ ರಕ್ತ ಪಾಸಿಟಿವ್. ಮರುದಿನವೇ ಆ ಇಂಜೆಕ್ಷನ್ ಕೊಟ್ಟರು. ಚಿಕ್ಕಪ್ಪ ನರ್ಸಮ್ಮನ ಹೆಸರು, ಕೊಟ್ಟ ಗಂಟೆ ಎಲ್ಲ ಕೇಳಿ ಫೈಲಿನಲ್ಲಿ ಬರೆದುಕೊಂಡರು. ಎಂಥಾ ಅಪ್ಪನಮ್ಮ ನಿಂಗೆ ಎಂದು ಆಕೆ ನಗುತ್ತಿದ್ದರು. ಸುಧಾ ನಗಲಿಲ್ಲ. ನಮ್ಮಪ್ಪ ಹಾಗೇ ಸಿಸ್ಟರ್ ಎಂದು ಹೇಳಿ, ಮಗುವನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟಳು.

ನಾನು ಅವತ್ತು ಚಿಕ್ಕಪ್ಪನ ಹತ್ತಿರ ತಪ್ಪಾಯಿತು ಎಂದೆ. ಎರಡು ತಿಂಗಳಿಂದ ಗಂಟಲಲ್ಲೇ ಇದ್ದ ಮಾತು. ಅವರು ಕಾಗದದಲ್ಲಿ ಸುತ್ತಿದ್ದ ಏನನ್ನೋ ಕೈಗಿಟ್ಟು, ಮನೆಗೆ ಹೋಗಿ ಬಿಚ್ಚು ಎಂದರು.

ಬಿಚ್ಚಿದೆ. ಅಂಗೈಯಷ್ಟು ಅಗಲದ ತಗಡು, ಹೊಸದಾಗಿ ಕೆಂಪು ಬಣ್ಣ ಬಳಿದದ್ದು. ಮೇಲೆ ತೂತು, ತೂತಿಗೆ ತಂತಿ. ಅವರದೇ ಕೈಬರಹದಲ್ಲಿ ಬಿಳಿ ಬಣ್ಣದಿಂದ ನನ್ನ ಹೆಸರು.

ಈಗ ಅದು ನನ್ನ ಕಂಪ್ಯೂಟರಿನ ತಲೆಗೆ ನೇತುಬಿದ್ದಿದೆ. ಇದನ್ನು ಟೈಪ್ ಮಾಡುವಾಗ ಕಣ್ಣೆದುರಿಗೇ ಇದೆ. ಮೇಲಿನ ಸಾಲುಗಳಲ್ಲಿ ತಪ್ಪೇನಾದರೂ ಇದ್ದರೆ ಕಂಪ್ಯೂಟರನ್ನು ಬೈಯಬೇಡಿ, ವಿನೋಬನಗರಕ್ಕೆ ಬಂದು ನನ್ನನ್ನೇ ಕೇಳಿ.

ನನ್ನ ತಗಡು ನೇತುಹಾಕಿದ್ದಾಯಿತು, ನಿಮ್ಮದು ಎಲ್ಲಿದೆ?